‘ಆಫ್’ ಆದಮೇಲೂ ‘ಬಿಡು’ ಬೇಕು: ಇಂಗ್ಲಿಷ್ ಫ್ರೇಸಲ್ ವರ್ಬುಗಳೂ ಅನ್ನೂರಿನ ಮನೆಮಾತೂ

(ವಿಭಾಗದ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ನನ್ನ ದನಿ ಕೇಳಿಸ್ತಾ ಇದೆ ಅಂದುಕೊಳ್ತೀನಿ. ಪ್ರಬಂಧಕ್ಕೆ ಬೇಕಾದ ಮೊದಲ ಉದಾಹರಣೆಗಳನ್ನ ನೀವೇ ಒದಗಿಸಿದ್ದೀರಿ. ಗೋಷ್ಠಿ ಶುರುವಾಗೋ ಮುಂಚಿನ ಹತ್ತು ನಿಮಿಷದಲ್ಲಿ ಇಲ್ಲಿ ಕೇಳಿಬಂದ ಮಾತುಗಳನ್ನ ಗುರುತು ಹಾಕಿಕೊಂಡೆ. ‘ಸರ್, ನಿಮ್ಮ ಮೈಕ್ ಆಫ್ ಆಗಿದೆ.’ ‘ಎಲ್ಲರೂ ವಿಡಿಯೋ ಆಫ್ ಮಾಡ್ಕೊಳ್ಳಿ.’ ‘ನನ್ನದು ತಾನಾಗೇ ಆಫಾಗೋಯ್ತು ಮೇಡಂ.’ ‘ಒಂದು ಸಲ ಆಫ್ ಮಾಡಿ ನೋಡಿ.’ ‘ನಾನು ಆಗಲೇ ಆಫ್ ಮಾಡಿಟ್ಟಿದ್ದೀನಿ.’ ‘ಬೇಡ, ಆಫ್ ಮಾಡ್ಬಿಡಿ.’

ಆರು ವಾಕ್ಯ, ಆರರಲ್ಲೂ ‘ಆಫ್’. ಇಂಗ್ಲಿಷಿನಲ್ಲಿ ಇದು ‘ಸ್ವಿಚ್ ಆಫ್’, ‘ಟರ್ನ್ ಆಫ್’ ಅನ್ನುವ ಫ್ರೇಸಲ್ ವರ್ಬಿನ ಬಾಲ. ನಾವು ತಲೆಯನ್ನ ಅಲ್ಲೇ ಬಿಟ್ಟು ಬಾಲವನ್ನಷ್ಟೇ ತಂದುಕೊಂಡಿದ್ದೇವೆ. ಆದರೆ ಈ ಆರು ವಾಕ್ಯಗಳ ನಡುವಿನ ವ್ಯತ್ಯಾಸ ಎಲ್ಲಿದೆ ನೋಡಿ. ‘ಮಾಡ್ಕೊಳ್ಳಿ’ ಅಂದರೆ ನಿಮ್ಮದನ್ನ ನೀವೇ. ‘ಆಗೋಯ್ತು’ ಅಂದರೆ ನನ್ನ ಕೈಮೀರಿ ನಡೆಯಿತು. ‘ಮಾಡಿ ನೋಡಿ’ ಅಂದರೆ ಪ್ರಯತ್ನಿಸಿ. ‘ಮಾಡಿಟ್ಟಿದ್ದೀನಿ’ ಅಂದರೆ ಮುಂದಕ್ಕೆ ಬೇಕಾಗುತ್ತೆ ಅಂತ ಮೊದಲೇ ಮಾಡಿದ್ದು. ‘ಮಾಡ್ಬಿಡಿ’ ಅಂದರೆ ಇನ್ನು ಯೋಚನೆ ಬೇಡ, ಮುಗಿಸಿ. ಇಷ್ಟೂ ಸೂಕ್ಷ್ಮಗಳನ್ನ ಹೊತ್ತಿರೋದು ಕೊಳ್ಳು, ಹೋಗು, ನೋಡು, ಇಡು, ಬಿಡು ಅನ್ನುವ ನಮ್ಮ ಎರಡನೇ ಕ್ರಿಯಾಪದಗಳು. ‘ಆಫ್’ ಅಲ್ಲಿ ಸುಮ್ಮನೆ ಕೂತಿದೆ. ಇಂಗ್ಲಿಷಿನಲ್ಲಿ ದುಡಿಯುತ್ತಿದ್ದ ಪದ ಕನ್ನಡಕ್ಕೆ ಬಂದು ನಾಮಪದವಾಗಿ ಕೆಲಸದಿಂದ ನಿವೃತ್ತಿಯಾಗಿದೆ. ಆ ಕೆಲಸಕ್ಕೆ ನಮ್ಮಲ್ಲಿ ಮೊದಲಿಂದಲೂ ಬೇರೆ ಆಳುಗಳಿದ್ದಾರೆ.

ನನ್ನ ಪ್ರಬಂಧ ಹೇಳೋದು ಇದನ್ನೇ: ಇಂಗ್ಲಿಷ್ ತನ್ನ ಕ್ರಿಯಾಪದದ ಬೆನ್ನಿಗೆ ಅಪ್, ಆಫ್, ಔಟ್ ಕಟ್ಟಿ ಮಾಡುವ ಕೆಲಸದ ಬಹುಪಾಲನ್ನ ಕನ್ನಡ ಇನ್ನೊಂದು ಕ್ರಿಯಾಪದ ಕಟ್ಟಿ ಮಾಡುತ್ತೆ. ಹಾಗಿದ್ದ ಮೇಲೆ ಫ್ರೇಸಲ್ ವರ್ಬ್ ಕಲಿಯೋ ಕನ್ನಡದ ಮಗುವಿಗೆ ಅದು ಪೂರ್ತಿ ಹೊಸ ಲೋಕ ಆಗಬೇಕಿಲ್ಲ.

ಫ್ರೇಸಲ್ ವರ್ಬ್ ಅನ್ನುವ ಹೆಸರು ತುಂಬಾ ಹಳೆಯದಲ್ಲ. ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಪುಸ್ತಕದಲ್ಲಿ ಅದನ್ನ ಬಳಕೆಗೆ ತಂದರು. ಹೆಸರು ಕೊಟ್ಟವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾಗಿದ್ದ ಹೆನ್ರಿ ಬ್ರಾಡ್ಲಿ ಅಂತ ಅವರೇ ಹೇಳಿದ್ದಾರೆ. ಆದರೆ ತೊಂದರೆ ಹಳೆಯದು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಈ ಜೋಡಣೆಗಳನ್ನ ಪ್ರಸ್ತಾಪಿಸಿ, ಪರದೇಶದವರಿಗೆ ಇವೇ ಅತಿ ಕಷ್ಟ ಅಂದಿದ್ದರು. ‘ಗಿವ್’ ಅಂದರೆ ಕೊಡು. ‘ಅಪ್’ ಅಂದರೆ ಮೇಲೆ. ‘ಗಿವ್ ಅಪ್’ ಅಂದರೆ ಮೇಲೆ ಕೊಡು ಅಲ್ಲ. ಕಷ್ಟ ಇಷ್ಟೇ.

ಕನ್ನಡ ಎಂ.ಎ. ತರಗತಿಯಲ್ಲಿ ಕೂತವರಿಗೆ ಇದರ ಹಳೇ ನೆಂಟ ಒಬ್ಬ ಗೊತ್ತು: ಸಂಸ್ಕೃತದ ಉಪಸರ್ಗ. ಒಂದೇ ಧಾತುವಿಗೆ ಆ, ವಿ, ಸಂ, ಪ್ರ, ಪರಿ ಸೇರಿದರೆ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ. ಊಟಕ್ಕೂ ಕೊಲೆಗೂ ಮಧ್ಯೆ ಎರಡಕ್ಷರ. ಸಂಸ್ಕೃತ ಮುಂದೆ ಕಟ್ಟಿದ್ದನ್ನ ಇಂಗ್ಲಿಷ್ ಹಿಂದೆ ಕಟ್ಟಿತು ಅಂದುಕೊಳ್ಳಬಹುದು. ಹಳೆಯ ಇಂಗ್ಲಿಷೂ ಮುಂದೆಯೇ ಕಟ್ಟುತ್ತಿತ್ತು. ‘ಅಂಡರ್‌ಸ್ಟ್ಯಾಂಡ್’, ‘ವಿತ್‌ಸ್ಟ್ಯಾಂಡ್’, ‘ಫರ್‌ಗಿವ್’ ಅದರ ಉಳಿಕೆಗಳು. ಇನ್ನೊಂದು ಸ್ವಾರಸ್ಯ: ವೇದದ ಸಂಸ್ಕೃತದಲ್ಲಿ ಉಪಸರ್ಗ ಕ್ರಿಯಾಪದದಿಂದ ದೂರ ಸರಿದು ನಿಲ್ಲಬಹುದಿತ್ತು, ನಡುವೆ ಬೇರೆ ಪದಗಳು ಬರಬಹುದಿತ್ತು. ‘ಟರ್ನ್ ದ ಲೈಟ್ ಆಫ್’ ಅನ್ನುವಾಗ ಇಂಗ್ಲಿಷ್ ಇವತ್ತಿಗೂ ಹಾಗೇ ಮಾಡುತ್ತೆ.

ಕನ್ನಡದ ದಾರಿ ಬೇರೆ. ಅದನ್ನ ಹೇಳೋ ಮುಂಚೆ, ಈ ಹುಡುಕಾಟ ಯಾಕೆ ಶುರುವಾಯ್ತು ಅಂತ ಒಂದೆರಡು ಮಾತು ಹೇಳಬೇಕು.

ನಾನು ಅನ್ನೂರಿನ ಕಡೆಯವಳು. ಕೊಯಮತ್ತೂರಿನಿಂದ ಈಶಾನ್ಯಕ್ಕೆ ಸುಮಾರು 30 ಕಿ.ಮೀ. ಕೊಯಮತ್ತೂರಿಂದ ಹೊರಟ ರಸ್ತೆ ಅನ್ನೂರು, ಪುಳಿಯಂಪಟ್ಟಿ, ಸತ್ಯಮಂಗಲ ದಾಟಿ, ದಿಂಬಂ ಘಾಟಿಯ 27 ತಿರುವು ಹತ್ತಿ ಚಾಮರಾಜನಗರದ ಕಡೆ ಹೋಗುತ್ತೆ. ಆ ರಸ್ತೆಯಲ್ಲಿ ಕನ್ನಡ ಯಾವಾಗಲೂ ಓಡಾಡಿದೆ. 1799ರವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಆಮೇಲೆ ಮದ್ರಾಸು ಸೀಮೆಗೆ ಸೇರಿತು, ಕೊಳ್ಳೇಗಾಲ ತಾಲ್ಲೂಕಂತೂ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ನಮ್ಮ ಕಡೆ ದೇವಾಂಗ ನೇಕಾರರ ಮನೆಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಶಾಲೆಯಲ್ಲಿ ತಮಿಳು, ಇಂಗ್ಲಿಷ್. ತಮಿಳುನಾಡಿನಲ್ಲಿ 1968ರಿಂದ ಎರಡೇ ಭಾಷೆಯ ನೀತಿ. ಹಾಗಾಗಿ ನಮ್ಮ ಕನ್ನಡಕ್ಕೆ ಕಿವಿ ಇದೆ, ಬಾಯಿ ಇದೆ, ಕಣ್ಣಿಲ್ಲ. ನಾನು ಕನ್ನಡ ಅಕ್ಷರ ಕಲಿತದ್ದೇ ಪದವಿಗೆ ಬಂದಮೇಲೆ. ‘ಮನೇಲಿ ಮಾತಾಡೋದಕ್ಕೆ ಸಾಕು, ಅದರಿಂದ ಏನು ಸಿಗುತ್ತೆ’ ಅನ್ನೋದು ಊರಲ್ಲಿ ನಾನು ಸಾವಿರ ಸಲ ಕೇಳಿದ ಮಾತು. ಈ ಪ್ರಬಂಧ ಒಂದು ರೀತಿ ಆ ಮಾತಿಗೆ ಉತ್ತರ. ಬೇರೆ ಏನು ಸಿಗುತ್ತೋ ಬಿಡಿ, ಇಂಗ್ಲಿಷ್ ಸಿಗುತ್ತೆ.

ಶಾಲೆಯಲ್ಲಿ ಫ್ರೇಸಲ್ ವರ್ಬ್ ಒಂದು ಮಾರ್ಕಿನ ಪ್ರಶ್ನೆ. ಎಡಗಡೆ ‘ಲುಕ್ ಆಫ್ಟರ್’, ‘ಫೈಂಡ್ ಔಟ್’, ‘ಪುಟ್ ಆಫ್’, ಬಲಗಡೆ ಅರ್ಥ. ಬಾಯಿಪಾಠ ಮಾಡೋದು, ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆಯೋದು. ‘ಲುಕ್’ ಅಂದರೆ ನೋಡು, ‘ಆಫ್ಟರ್’ ಅಂದರೆ ಆಮೇಲೆ. ಎರಡೂ ಸೇರಿ ‘ಆರೈಕೆ ಮಾಡು’ ಹೇಗಾಗುತ್ತೆ ಅಂತ ಯಾರೂ ಕೇಳುತ್ತಿರಲಿಲ್ಲ. ಅದೇ ಹೊತ್ತಲ್ಲಿ ಮನೆಯಲ್ಲಿ ಅಮ್ಮ ಪಕ್ಕದ ಮನೆಯವರಿಗೆ ‘ಮಗೂನ ಒಂದರ್ಧ ಗಂಟೆ ನೋಡ್ಕೊಳ್ರಿ’ ಅನ್ನುತ್ತಿದ್ದರು. ನೋಡು, ಅದರ ಬೆನ್ನಿಗೆ ಕೊಳ್ಳು. ಆ ಕೊಳ್ಳು ಸೇರಿದ ಕೂಡಲೇ ನೋಟ ಆರೈಕೆಯಾಗುತ್ತೆ. ಬೀದಿಯ ತಮಿಳಿನಲ್ಲೂ ಅದೇ: ಪಾರ್ ಅಂದರೆ ನೋಡು, ‘ಪಾತ್ತುಕ್ಕೋ’ ಅಂದರೆ ನೋಡ್ಕೋ. ಇಂಗ್ಲಿಷಿನ ಲುಕ್, ಕನ್ನಡದ ನೋಡು, ತಮಿಳಿನ ಪಾರ್: ಮೂರೂ ಒಂದೊಂದು ಬಾಲ ಕಟ್ಟಿಕೊಂಡು ಕಣ್ಣಿನ ಕೆಲಸದಿಂದ ಕೈಯ ಕೆಲಸಕ್ಕೆ ದಾಟಿವೆ. (ಕನ್ನಡದಲ್ಲಿ ‘ಇರು, ನಿನ್ನ ನೋಡ್ಕೋತೀನಿ’ ಅಂತ ಬೆದರಿಸೋದಕ್ಕೂ ಬರುತ್ತೆ. ಆ ಅನುಕೂಲ ‘ಲುಕ್ ಆಫ್ಟರ್’ಗೆ ಇಲ್ಲ.)

‘ಫೈಂಡ್ ಔಟ್’ ಇದಕ್ಕಿಂತ ಚೆಂದ. ಕನ್ನಡದಲ್ಲಿ ಕಂಡುಹಿಡಿ, ತಮಿಳಿನಲ್ಲಿ ಕಂಡುಪಿಡಿ. ಕಾಣು, ಹಿಡಿ ಎರಡೂ ಸಾದಾ ಮಾತುಗಳು. ಸೇರಿದಾಗ ಬರುವ ಅರ್ಥ ಎರಡರಲ್ಲಿ ಯಾವುದರಲ್ಲೂ ಇಲ್ಲ. ಕಳ್ಳನನ್ನ ಕಂಡುಹಿಡಿದರು ಅಂದಾಗ ಹಿಡಿದಿರಲೇಬೇಕು ಅಂತಿಲ್ಲ, ಯಾರು ಅಂತ ಗೊತ್ತಾದರೆ ಸಾಕು. ತಳ್ಳಿಹಾಕು, ಎತ್ತಿಹಿಡಿ ಇದೇ ಜಾತಿ. ಆರೋಪ ತಳ್ಳಿಹಾಕಿದರು, ತೀರ್ಪು ಎತ್ತಿಹಿಡಿದರು ಅಂತ ಪತ್ರಿಕೆಯಲ್ಲಿ ದಿನಾ ಓದುತ್ತೇವೆ, ಯಾರೂ ಏನನ್ನೂ ತಳ್ಳಿರೋದಿಲ್ಲ, ಎತ್ತಿರೋದೂ ಇಲ್ಲ. ‘ಭಾಗಗಳ ಅರ್ಥ ಕೂಡಿಸಿದರೆ ಒಟ್ಟು ಅರ್ಥ ಬರೋದಿಲ್ಲ’ ಅಂತ ಇಂಗ್ಲಿಷ್ ಮೇಷ್ಟ್ರು ಹೆದರಿಸುವ ವಿಷಯ ನಮ್ಮ ಮನೆಯಲ್ಲಿ ಅಕ್ಕಿ ಆರಿಸುತ್ತ ಆಡುವ ಮಾತಲ್ಲೇ ಇದೆ.

ಇನ್ನು ‘ಗಿವ್’ ಕುಟುಂಬ. ಗಿವ್ ಅಪ್, ಗಿವ್ ಇನ್, ಗಿವ್ ಅವೇ ಅಂತ ಪಟ್ಟಿ ನೋಡಿದರೆ ತಲೆ ತಿರುಗುತ್ತೆ. ಆದರೆ ನಮ್ಮ ‘ಬಿಟ್ಟು’ ಕುಟುಂಬವನ್ನ ಯಾರೂ ಪಟ್ಟಿ ಮಾಡಿ ಕಲಿತಿಲ್ಲ. ಬೀಡಿ ಬಿಟ್ಟುಬಿಟ್ಟ. ಮುದುಕಿಗೆ ಸೀಟು ಬಿಟ್ಟುಕೊಟ್ಟ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದೆ. ಆ ಕೆಲಸ ಅರ್ಧಕ್ಕೇ ಬಿಟ್ಟುಹಾಕಿದ. ಅಮ್ಮನನ್ನ ಬಿಟ್ಟಿರೋದಕ್ಕೆ ಆಗಲ್ಲ. ಇಂಗ್ಲಿಷಿಗೆ ತಂದರೆ ಮೊದಲ ಎರಡೂ ‘ಗಿವ್ ಅಪ್’, ಮೂರನೆಯದು ‘ಲೀವ್ ಔಟ್’, ಕೊನೆಯದು ‘ಡೂ ವಿದೌಟ್’. ಇಲ್ಲಿ ಒಂದು ವಿಷಯ ಗಮನಿಸಬೇಕು. ಬೀಡಿ ಬಿಡೋದಕ್ಕೂ ಸೀಟು ಬಿಡೋದಕ್ಕೂ ಇಂಗ್ಲಿಷ್ ಒಂದೇ ಬಾಲ ಕಟ್ಟುತ್ತೆ. ಕನ್ನಡ ಹಾಗೆ ಬಿಡೋದಿಲ್ಲ. ‘ಕೊಡು’ ಕಟ್ಟಿದರೆ ಇನ್ನೊಬ್ಬರಿಗೆ ಅನುಕೂಲ ಆಗಿರಬೇಕು. ಯಾರಿಗಾಗಿ ಅನ್ನೋದನ್ನ ಕನ್ನಡದ ಕ್ರಿಯಾಪದ ಕೇಳಿಯೇ ಕೇಳುತ್ತೆ: ತನಗಾಗಿಯಾದರೆ ಬರೆದುಕೋ, ಇನ್ನೊಬ್ಬರಿಗಾಗಿಯಾದರೆ ಬರೆದುಕೊಡು, ಮುಂದಿನ ಕಾಲಕ್ಕಾದರೆ ಬರೆದಿಡು. ಇಂಗ್ಲಿಷಿನ ‘ರೈಟ್ ಡೌನ್’ಗೆ ಈ ಮೂರೂ ಒಂದೇ. ಅದಕ್ಕೆ ಕಾಗದದ ಮೇಲೆ ಇಳಿದರೆ ಸಾಕು.

ಅಲ್ಲಿಗೆ ‘ಅಪ್ ಅಂದರೆ ಬಿಡು, ಡೌನ್ ಅಂದರೆ ಇಡು’ ಅಂತ ಸಮೀಕರಣ ಬರೆಯಬಾರದು ಅನ್ನೋದು ಸ್ಪಷ್ಟ. ಇಂಗ್ಲಿಷಿನ ಬಾಲಗಳು ಹುಟ್ಟಿದ್ದು ದಿಕ್ಕಿನಿಂದ: ಮೇಲೆ, ಕೆಳಗೆ, ಹೊರಗೆ, ಆಚೆ. ನಮ್ಮ ಬಾಲಗಳು ಹುಟ್ಟಿದ್ದು ಕೈಕಾಲಿನ ಕೆಲಸದಿಂದ: ಬಿಡೋದು, ಕೊಳ್ಳೋದು, ಕೊಡೋದು, ಇಡೋದು, ಹಾಕೋದು, ಹೋಗೋದು. ಎರಡೂ ಮೂಲದ ಅರ್ಥ ಸವೆದು ಸವೆದು ಕಡೆಗೆ ಒಂದೇ ಕಣಿವೆಗೆ ಬಂದು ಸೇರುತ್ತವೆ. ಕೆಲಸ ಪೂರ್ತಿಯಾಯಿತು ಅನ್ನೋದೇ ಆ ಕಣಿವೆ. ‘ಈಟ್’ ಅಂದರೆ ತಿನ್ನು, ‘ಈಟ್ ಅಪ್’ ಅಂದರೆ ತಿಂದುಬಿಡು, ತಟ್ಟೆಯಲ್ಲಿ ಉಳಿಸಬೇಡ. ‘ಟೇರ್ ಅಪ್’ ಹರಿದುಹಾಕು. ‘ಡ್ರೈ ಅಪ್’ ಒಣಗಿಹೋಗು. ಮೂರಕ್ಕೂ ಇಂಗ್ಲಿಷ್ ಒಂದೇ ಅಪ್ ಬಳಸಿದೆ, ನಾವು ಮೂರು ಬೇರೆ ಬೇರೆ ಕ್ರಿಯಾಪದ ಬಳಸಿದ್ದೇವೆ. ಬಾವಿ ಒಣಗಿಹೋಯ್ತು ಅನ್ನುತ್ತೇವೆ, ಒಣಗಿಹಾಕ್ತು ಅನ್ನೋದಿಲ್ಲ. ‘ಹೋಗು’ ತಾನಾಗಿ ನಡೆಯೋದಕ್ಕೆ, ‘ಹಾಕು’ ಬೇಕೆಂದೇ ಮಾಡೋದಕ್ಕೆ, ಅದರಲ್ಲೂ ಸ್ವಲ್ಪ ಒರಟಾಗಿ. ಕಾಗದ ಹರಿದುಹೋಯ್ತಾ, ಹರಿದುಹಾಕಿದೆಯಾ ಅನ್ನೋದು ನಮ್ಮ ಮನೆಗಳಲ್ಲಿ ಏಟು ಬೀಳುತ್ತೋ ಇಲ್ಲವೋ ತೀರ್ಮಾನಿಸುವ ಪ್ರಶ್ನೆ.

ದಿಕ್ಕಿನ ಪದವನ್ನ ಕಟ್ಟೋದು ಕನ್ನಡದಲ್ಲೂ ಇಲ್ಲದೇ ಇಲ್ಲ, ಅದನ್ನ ಮುಂದೆ ಕಟ್ಟುತ್ತೇವೆ: ಮುಂದುವರಿ, ಹಿಂಜರಿ, ಹೊರಹಾಕು, ಒಳಗೊಳ್ಳು. ಕೈಯನ್ನೂ ಹಾಗೇ ಕಟ್ಟುತ್ತೇವೆ. ಕೈಗೊಳ್ಳು ಅಂದರೆ ‘ಟೇಕ್ ಅಪ್’, ಕೈಬಿಡು ಅಂದರೆ ‘ಗಿವ್ ಅಪ್’. ಕೈಕೊಡು ಅಂದರೆ ‘ಲೆಟ್ ಡೌನ್’; ‘ಈ ಸಲ ಮಳೆ ಕೈಕೊಡ್ತು’ ಅನ್ನುವ ವಾಕ್ಯವನ್ನ ಅನ್ನೂರಿನಂಥ ಒಣ ಸೀಮೆಯಲ್ಲಿ ವಿವರಿಸಬೇಕಿಲ್ಲ.

ಈಗ ‘ಪುಟ್ ಆಫ್’ಗೆ ಬರ್ತೀನಿ. ಇಲ್ಲಿ ಒಂದು ಮಾರ್ಕಿಗಿಂತ ದೊಡ್ಡದೇನೋ ಇದೆ.

ನಮ್ಮ ದೊಡ್ಡಪ್ಪನ ಮಗಳು, ಅಕ್ಕ, ತಿರುಪ್ಪೂರಿನಲ್ಲಿ ಒಂದು ಬನಿಯನ್ ಕಂಪನಿಯಲ್ಲಿ ಮರ್ಚಂಡೈಸರ್. ಹೊರದೇಶದ ಗಿರಾಕಿಗಳ ಮೇಲ್ ಓದಿ, ಕಟಿಂಗ್, ಹೊಲಿಗೆ, ಪ್ಯಾಕಿಂಗ್ ವಿಭಾಗದವರಿಗೆ ವಿಷಯ ಮುಟ್ಟಿಸೋದು ಅವಳ ಕೆಲಸ. ಆ ಮೇಲುಗಳ ತುಂಬಾ ಫ್ರೇಸಲ್ ವರ್ಬುಗಳೇ. ಪರೀಕ್ಷೆಯ ಇಂಗ್ಲಿಷಿನಲ್ಲಿ ‘ಪೋಸ್ಟ್‌ಪೋನ್’, ‘ಕ್ಯಾನ್ಸಲ್’ ಅಂತ ಇರುತ್ತೆ, ಅವು ನಮ್ಮವರಿಗೆಲ್ಲ ಗೊತ್ತು. ಇಂಗ್ಲಿಷ್ ಮನೆಮಾತಾಗಿರೋರು ಅವಸರದಲ್ಲಿ ಬರೆಯುವಾಗ ‘ಪುಟ್ ಆಫ್’, ‘ಕಾಲ್ ಆಫ್’, ‘ಹೋಲ್ಡ್ ಆಫ್’ ಅಂತ ಬರೆಯುತ್ತಾರೆ. ಒಮ್ಮೆ ಒಂದು ಆರ್ಡರಿನ ಶಿಪ್‌ಮೆಂಟ್ ಎರಡು ವಾರ ‘ಪುಟ್ ಆಫ್’ ಆಗಿದೆ ಅಂತ ಮೇಲ್ ಬಂತು. ಅಕ್ಕ ಅದನ್ನ ಹಾಗೇ ಕಟಿಂಗ್ ಮೇಸ್ತ್ರಿಗೆ ಫಾರ್ವರ್ಡ್ ಮಾಡಿದ್ದಳು. ಅವರು ಓದಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ಆಫಾ?’

ಅವರ ತಪ್ಪೇನೂ ಇಲ್ಲ. ನಾನು ಮೊದಲು ಹೇಳಿದೆನಲ್ಲ, ನಮ್ಮ ಭಾಷೆಗಳಿಗೆ ಬಂದ ‘ಆಫ್’ ನಾಮಪದವಾಗಿ ಗಟ್ಟಿಯಾಗಿದೆ, ಅದಕ್ಕೆ ಒಂದೇ ಅರ್ಥ: ನಿಂತಿತು. ಮೋಟರ್ ಆಫ್, ಕರೆಂಟ್ ಆಫ್, ಆರ್ಡರ್ ಆಫ್. ಆ ಅರ್ಥ ಹಿಡಿದು ಬಟ್ಟೆಯನ್ನ ಮೇಜಿನಿಂದ ಇಳಿಸಿಬಿಟ್ಟರೆ ಆ ವಾರ ಪೀಸ್ ಲೆಕ್ಕದಲ್ಲಿ ದುಡಿಯೋರಿಗೆ ಶನಿವಾರದ ಕೂಲಿಯಲ್ಲಿ ಕಡಿತ. ಅಕ್ಕ ಇಂಗ್ಲಿಷಿನಲ್ಲಿ ವಿವರಿಸೋದಕ್ಕೆ ಹೋಗಲಿಲ್ಲ. ‘ತಳ್ಳಿ ಪೋಟ್ಟಿರುಕ್ಕಾಂಗ’ ಅಂದಳು. ಪಕ್ಕದಲ್ಲಿದ್ದ ನಮ್ಮ ಕಡೆ ಹುಡುಗಿಗೆ ‘ಮುಂದಕ್ಕೆ ಹಾಕವ್ರೆ, ಬಿಟ್ಟುಬುಟ್ಟಿಲ್ಲ’ ಅಂದಳು. ಕೆಲಸ ನಡೆಯಿತು.

ಇದನ್ನ ಅವಳು ನನಗೆ ಹೇಳಿದ್ದು ನಗೆಮಾತಾಗಿ. ನನಗೆ ಮಾತ್ರ ಅದೇ ಇಡೀ ಪ್ರಬಂಧವಾಯ್ತು. ‘ಪುಟ್’ ಅಂದರೆ ಹಾಕು. ‘ಆಫ್’ ಅಂದರೆ ಇಲ್ಲಿಂದ ಆಚೆಗೆ. ‘ಪುಟ್ ಆಫ್’ ಅಂದರೆ ಮುಂದಕ್ಕೆ ಹಾಕು! ತಮಿಳಿನ ‘ಪೋಡು’ ಕೂಡ ಹಾಕು ಅಂತಲೇ. ತಳ್ಳಿ ಹಾಕಿದರೆ ತಮಿಳಿನಲ್ಲಿ ಮುಂದೂಡಿದ ಹಾಗೆ. ಕನ್ನಡದಲ್ಲಿ ತಳ್ಳಿಹಾಕಿದರೆ ತಿರಸ್ಕರಿಸಿದ ಹಾಗೆ, ಅದು ಎರಡೂ ಭಾಷೆ ಆಡುವ ಮನೆಗಳಲ್ಲಿ ಎಚ್ಚರ ವಹಿಸಬೇಕಾದ ಜಾಗ. ‘ಕಾಲ್ ಆಫ್’ ಬಂದರೆ ಬಿಟ್ಟೇಬಿಟ್ಟರು ಅಂತ. ಇಲ್ಲೂ ಒಂದು ಗುಂಡಿ ಇದೆ. ಇಡೀ ವರ್ಷದ ಒಪ್ಪಂದ ಮೊದಲೇ ಮಾಡಿಕೊಂಡು, ಬೇಕಾದಾಗ ಬೇಕಾದಷ್ಟು ಸರಕು ತರಿಸಿಕೊಳ್ಳುವ ಪದ್ಧತಿಗೆ ಯುರೋಪಿನ ವ್ಯಾಪಾರದಲ್ಲಿ ‘ಕಾಲ್ ಆಫ್ ಆರ್ಡರ್’ ಅಂತಾರೆ. ಅಲ್ಲಿ ಕಾಲ್ ಆಫ್ ಅಂದರೆ ರದ್ದು ಮಾಡೋದಲ್ಲ, ತರಿಸಿಕೊಳ್ಳೋದು. ಪೂರಾ ಉಲ್ಟಾ. ಎಡಗಡೆ ಪದ, ಬಲಗಡೆ ಅರ್ಥ ಅನ್ನುವ ಶಾಲೆಯ ಪಟ್ಟಿ ಇಲ್ಲಿ ಕೈಕೊಡುತ್ತೆ. ‘ಬಿಟ್ಟುಬಿಟ್ಟರಾ, ಬಿಡಿಸಿಕೊಂಡರಾ?’ ಅಂತ ಕೇಳೋದನ್ನ ಕಲಿತವರು ಮಾತ್ರ ಪಾರಾಗ್ತಾರೆ.

‘ಪುಟ್’ಗೆ ‘ಹಾಕು’ ಇಷ್ಟು ಹತ್ತಿರ ಇರೋದು ಆಕಸ್ಮಿಕ ಅಂತ ನನಗೆ ಅನ್ನಿಸೋದಿಲ್ಲ. ಎರಡೂ ಭಾಷೆಯಲ್ಲಿ ಅತಿ ಸಾದಾ ಕ್ರಿಯಾಪದಗಳೇ ಇಂಥ ಹೊರೆ ಹೊರುತ್ತವೆ: ಪುಟ್, ಗೆಟ್, ಟೇಕ್, ಗೋ, ಹಾಕು, ತೆಗೆ, ಹೋಗು, ಹಿಡಿ. ಬೀಗ ಹಾಕು, ಸಹಿ ಹಾಕು, ಲೆಕ್ಕ ಹಾಕು, ಹೊಂಚು ಹಾಕು. ವಿದ್ಯುತ್ತು ಬಂದಮೇಲೆ ಲೈಟ್ ಹಾಕು, ಫ್ಯಾನ್ ಹಾಕು, ರೇಡಿಯೋ ಹಾಕು. ‘ಆನ್ ಮಾಡು’ ಬರೋ ಮುಂಚೆ ಕನ್ನಡ ಹೊಸ ಯಂತ್ರಕ್ಕೆ ತನ್ನದೇ ಪದ ಕಟ್ಟಿತ್ತು. ನಮ್ಮ ಅಜ್ಜಿ ಇವತ್ತಿಗೂ ಲೈಟ್ ಹಾಕ್ತಾರೆ. ಆದರೆ ಲೈಟ್ ‘ಆರಿಸು’ ಅನ್ನೋದಕ್ಕೆ ಅವರಿಗೆ ಬಾಯಿ ಬರೋದಿಲ್ಲ. ದೀಪ ಆರಿತು ಅನ್ನಬಾರದು, ಶಾಂತ ಮಾಡು ಅನ್ನಬೇಕು. ಬಲ್ಬಿಗೆ ಶಾಂತಿ ಕೋರೋದು ಅವರಿಗೂ ವಿಚಿತ್ರ ಅನ್ನಿಸಿರಬೇಕು. ಹಾಗಾಗಿ ‘ಹಾಕು’ ಕನ್ನಡ, ‘ಆಫ್ ಮಾಡು’ ಇಂಗ್ಲಿಷ್. ಎರವಲು ಪದ ಬರೋದಕ್ಕೆ ಸೋಮಾರಿತನ, ಫ್ಯಾಷನ್ನು ಅಂತ ಕಾರಣ ಕೊಡುತ್ತೇವೆ. ಅಶುಭ ಇಲ್ಲದ ಪದ ಬೇಕಾಗಿತ್ತು ಅನ್ನೋದೂ ಒಂದು ಕಾರಣ ಆಗಬಹುದು.

ಎರವಲು ಬಂದ ರೂಪಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಸಮಯ ಕಡಿಮೆ ಇದೆ. ಬಾಲ ಮಾತ್ರ ಬಂದದ್ದು: ಆನ್, ಆಫ್, ಔಟ್ (‘ಪೇಪರ್ ಔಟ್ ಆಯ್ತಂತೆ’). ಬಾಲ ಉದುರಿ ತಲೆ ಬಂದದ್ದು: ‘ಬಸ್ ಸ್ಟ್ಯಾಂಡಿಗೆ ಡ್ರಾಪ್ ಮಾಡು’, ‘ಫೋನ್ ಕಟ್ ಆಯ್ತು’. ಇಡಿಯಾಗಿ ಬಂದದ್ದು: ಪಿಕಪ್, ಚೆಕಪ್, ಸೆಟಪ್, ಬ್ಯಾಕಪ್, ಫಾಲೋಅಪ್, ಬ್ರೇಕ್‌ಡೌನ್, ಲಾಗಿನ್. ಈ ಮೂರನೇ ಗುಂಪು ತರಗತಿಯಲ್ಲಿ ತೊಂದರೆ ಕೊಡುತ್ತೆ. ಇಂಗ್ಲಿಷಿನಲ್ಲಿ ‘ಪಿಕ್ ಅಪ್’ ಎರಡು ಪದ, ಒತ್ತು ‘ಅಪ್’ ಮೇಲೆ, ನಡುವೆ ಜಾಗ ಇದೆ. ‘ಪಿಕಪ್’ ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ ಸರಿದು ಜಾಗ ಮುಚ್ಚಿಹೋಗುತ್ತೆ. ನಾವು ತಂದುಕೊಂಡಿರೋದು ಆ ಮುಚ್ಚಿದ ಡಬ್ಬಿಯನ್ನ. ಅದಕ್ಕೆ ‘ಮಾಡು’ ಅಂಟಿಸಿ ‘ನಿನ್ನ ಪಿಕಪ್ ಮಾಡ್ತೀನಿ’ ಅಂತೀವಿ. ಅದನ್ನ ಮತ್ತೆ ಇಂಗ್ಲಿಷಿಗೆ ತಿರುಗಿಸಿದಾಗ ‘ಐ ವಿಲ್ ಪಿಕಪ್ ಯೂ’ ಆಗುತ್ತೆ. ‘ಯೂ’ ಆ ಎರಡು ಪದದ ನಡುವೆ ಕೂರಬೇಕು ಅನ್ನೋದು ಹೊಳೆಯೋದಿಲ್ಲ, ಯಾಕೆಂದರೆ ನಮ್ಮ ಪಿಕಪ್ಪಿಗೆ ನಡು ಅನ್ನೋದೇ ಇಲ್ಲ.

ಇದನ್ನೂ ಮನೆಮಾತಿಂದ ಬಿಡಿಸಬಹುದು. ನಮ್ಮ ಜೋಡಿ ಕ್ರಿಯಾಪದಗಳಿಗೆ ನಡು ಇದೆ. ‘ಹೋಗಿಬಿಟ್ಟ’ ಅನ್ನೋದನ್ನ ಬಿಡಿಸಿ ‘ಹೋಗೇ ಬಿಟ್ಟ’ ಅಂತೀವಿ, ‘ಮಾಡಿಯೂ ನೋಡಿದೆ’ ಅಂತೀವಿ. ಕನ್ನಡದಲ್ಲಿ ಆ ನಡುವೆ ಒಂದು ಏ, ಒಂದು ಊ ಕೂರುತ್ತೆ. ಇಂಗ್ಲಿಷಿನಲ್ಲಿ ಇಟ್, ಹಿಮ್, ಯೂ ಕೂರುತ್ತೆ. ಊರಿನ ಹತ್ತನೇ ತರಗತಿ ಮಕ್ಕಳಿಗೆ ರಜೆಯಲ್ಲಿ ಪಾಠ ಹೇಳುವಾಗ ನಾನು ಹೀಗೇ ಶುರು ಮಾಡಿದೆ. ‘ಪಿಕ್ ಹಿಮ್ ಅಪ್’ ಅವರ ಬಾಯಲ್ಲಿ ಕೂತುಕೊಳ್ಳೋದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಇನ್ನು ‘ನಾನು 2022ರಲ್ಲಿ ಪಾಸ್ ಔಟ್ ಆದೆ’ ಅನ್ನುವಂಥ ಮಾತು. ನಮ್ಮ ದೇಶದ ಇಂಗ್ಲಿಷಿನಲ್ಲಿ ಅದು ಪದವಿ ಮುಗಿಸಿದ್ದು; ಬೇರೆ ಕಡೆ ಕೇಳಿದವರಿಗೆ ಮೂರ್ಛೆ ಹೋದದ್ದು. ಸೈನ್ಯದ ತರಬೇತಿ ಮುಗಿದಾಗ ನಡೆಯುವ ‘ಪಾಸಿಂಗ್ ಔಟ್ ಪೆರೇಡ್’ ನೆನಪಿಸಿಕೊಂಡರೆ ನಮ್ಮ ಬಳಕೆ ಆಕಾಶದಿಂದ ಬಿದ್ದದ್ದಲ್ಲ ಅಂತ ಗೊತ್ತಾಗುತ್ತೆ. ಇದನ್ನ ತಪ್ಪು ಅನ್ನೋದಕ್ಕೆ ನನಗೆ ಮನಸ್ಸಿಲ್ಲ. ಕೇಳುವವರು ಯಾರು ಅಂತ ನೋಡಿಕೊಂಡು ಆಡಿದರೆ ಸಾಕು.

ನನ್ನ ಮಂಡನೆ ಇಷ್ಟು. ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆ:

ಒಬ್ಬ ಸಹಪಾಠಿ ಕೇಳಿದರು: ಇದು ಕನ್ನಡಕ್ಕಷ್ಟೇ ಸಂಬಂಧಿಸಿದ ಗುಣವೇ, ಹಿಂದಿಯಲ್ಲೂ ‘ಖಾ ಲೋ’, ‘ದೇ ದೋ’ ಇದೆಯಲ್ಲ?

ಖಂಡಿತ ಇದೆ. ಕಾಲಿನ್ ಮಸಿಕಾ 1976ರಲ್ಲಿ ದಕ್ಷಿಣ ಏಷ್ಯಾವನ್ನ ಒಂದು ಭಾಷಾ ವಲಯವಾಗಿ ನೋಡಿದಾಗ ಲೆಕ್ಕಕ್ಕೆ ತಗೊಂಡ ಲಕ್ಷಣಗಳಲ್ಲಿ ಈ ಜೋಡಿ ಕ್ರಿಯಾಪದವೂ ಒಂದು. ಹಾಗಾಗಿ ನನ್ನ ವಾದ ಅನ್ನೂರಿನಾಚೆಗೂ ನಿಲ್ಲುತ್ತೆ. ‘ಕೋಪ್ ವಿತ್’ ಅನ್ನೋದನ್ನ ಭಾರತದ ಉದ್ದಗಲಕ್ಕೂ ಜನ ‘ಕೋಪ್ ಅಪ್ ವಿತ್’ ಅನ್ನುತ್ತಾರಲ್ಲ, ಅದರ ಹಿಂದೆಯೂ ಇದೇ ಇರಬಹುದು ಅಂತ ನನ್ನ ಊಹೆ. ಸಹಿಸಿಕೊಳ್ಳು, ತಾಳಿಕೊಳ್ಳು, ಸಂಭಾಲ್ ಲೇನಾ: ನಮ್ಮ ಕಿವಿಗೆ ಒಂಟಿ ಕ್ರಿಯಾಪದ ಬೋಳು ಬೋಳು ಕೇಳಿಸುತ್ತೆ, ಏನಾದರೂ ಕಟ್ಟೋಣ ಅನ್ನಿಸುತ್ತೆ.

ಗುರುಗಳೊಬ್ಬರ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಬರಹದ ಕನ್ನಡದಲ್ಲಿ ನಾವು ತ್ಯಜಿಸು, ಶೋಧಿಸು, ಸಹಿಸು ಅಂತ ಬರೆಯುತ್ತೇವೆ. ನೀವು ತಂದ ಉದಾಹರಣೆಗಳೆಲ್ಲ ಆಡುಮಾತಿನವು. ಈ ಬಾಲಗಳು ಪಾಂಡಿತ್ಯದ ಬರಹದಲ್ಲಿ ಯಾಕೆ ಕಮ್ಮಿ?

ಇಂಗ್ಲಿಷಿನಲ್ಲೂ ಇದೇ ಕಥೆ ಸರ್. ‘ಪುಟ್ ಅಪ್ ವಿತ್’ ಮನೆಯದು, ‘ಟಾಲರೇಟ್’ ಲ್ಯಾಟಿನ್ನಿಂದ ಬಂದ ಕಚೇರಿಯದು. ‘ಗೋ ಆನ್’ ಮನೆಯದು, ‘ಕಂಟಿನ್ಯೂ’ ಫ್ರೆಂಚಿನ ಮೂಲಕ ಬಂದದ್ದು. ಎರಡೂ ಕಡೆ ಎರವಲು ಕ್ರಿಯಾಪದಕ್ಕೆ ಮರ್ಯಾದೆ, ಮನೆಯ ಜೋಡಿಗೆ ಹಿತ್ತಿಲು. ಅದಕ್ಕೇ ಹೊರದೇಶದ ಗಿರಾಕಿ ತನ್ನ ಮನೆ ಇಂಗ್ಲಿಷಿನಲ್ಲಿ ಬರೆದಾಗ, ಕಚೇರಿ ಇಂಗ್ಲಿಷ್ ಕಲಿತ ನಮ್ಮವರು ಎಡವೋದು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಡಿ. ಎನ್. ಶಂಕರ ಭಟ್ಟರು ವಾದಿಸಿದ್ದು ನಿಮಗೆಲ್ಲ ಗೊತ್ತು. ಅಂಥ ವ್ಯಾಕರಣದಲ್ಲಿ ಬಿಡು, ಕೊಳ್ಳು, ಹಾಕುಗಳಿಗೆ ಒಂದು ದೊಡ್ಡ ಅಧ್ಯಾಯ ಇರಲೇಬೇಕು, ಅದರ ಸಾಮಗ್ರಿಯನ್ನ ಅಕ್ಷರ ಇಲ್ಲದ ಕನ್ನಡದ ಮನೆಗಳಿಂದಲೂ ತರಬೇಕು. ಬೇಸಿಗೆ ರಜೆಯಲ್ಲಿ ಅನ್ನೂರು, ಪುಳಿಯಂಪಟ್ಟಿ ಕಡೆಯ ಮನೆಗಳಲ್ಲಿ ರೆಕಾರ್ಡ್ ಮಾಡೋದಕ್ಕೆ ಶುರು ಮಾಡಿದ್ದೇನೆ. ಸದ್ಯಕ್ಕೆ ‘ಬಿಟ್ಟು’ ಒಂದಕ್ಕೇ ನಾಲ್ಕು ಪುಟ ಆಗಿದೆ.